ಹೆರಿಗೆಯಲ್ಲಿ ಗರ್ಭಕಂಠ ಹರಿದಾಗ: ಪತ್ತೆ, ಹೊಲಿಗೆ, ಚೇತರಿಕೆ ಮತ್ತು ಮುಂದಿನ ಬಸಿರು

ಮಗು ಹುಟ್ಟಿದೆ. ಮಾಸು ಪೂರ್ತಿಯಾಗಿ ಬಿದ್ದಿದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಗಟ್ಟಿ ಚೆಂಡಿನಂತೆ ಸಿಗುತ್ತದೆ. ಇಷ್ಟಾದರೂ ಕೆಳಗೆ ತಾಜಾ ಕೆಂಪು ರಕ್ತ ನಿಲ್ಲದೆ ಸುರಿಯುತ್ತಿದೆ. ಹೆರಿಗೆ ಕೋಣೆಯಲ್ಲಿ ಈ ಪರಿಸ್ಥಿತಿ ಕಂಡರೆ ಎಲ್ಲೋ ಹರಿದಿರುವ ಸಾಧ್ಯತೆಯೇ ಹೆಚ್ಚು, ಕಣ್ಣಿಗೆ ಸುಲಭವಾಗಿ ಬೀಳದ ಗರ್ಭಕಂಠವನ್ನು ನೋಡದೆ ಪರೀಕ್ಷೆ ಮುಗಿಯಿತು ಎನ್ನುವಂತಿಲ್ಲ.

ಈ ಬರಹ ಮುಖ್ಯವಾಗಿ ಗರ್ಭಕಂಠಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಬಾಣಂತಿಗೆ, ಅವಳನ್ನು ನೋಡಿಕೊಳ್ಳುವವರಿಗೆ ಮತ್ತು ಹೆರಿಗೆ ವಿಭಾಗದಲ್ಲಿ ಕೆಲಸ ಕಲಿಯುತ್ತಿರುವ ದಾದಿಯರಿಗೆ. ಹೊಲಿಗೆ ಹಾಕುವುದು ತರಬೇತಿ ಪಡೆದವರ ಕೆಲಸ. ಆದರೂ ಅದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ, ಏಕೆಂದರೆ ತನ್ನ ದೇಹದೊಳಗೆ ಏನು ನಡೆಯಿತು ಎಂದು ತಿಳಿಯುವ ಹಕ್ಕು ತಾಯಿಗಿದೆ. ಅದು ಗೊತ್ತಿದ್ದರೆ ಮುಂದಿನ ಎಚ್ಚರಿಕೆಗಳ ಕಾರಣವೂ ಅರ್ಥವಾಗುತ್ತದೆ.

ಎಲ್ಲಿ ಹರಿಯುತ್ತದೆ, ಏಕೆ ಹರಿಯುತ್ತದೆ

ಗರ್ಭಕೋಶದ ಕೆಳತುದಿಯಲ್ಲಿ ಯೋನಿಯೊಳಕ್ಕೆ ಚಾಚಿಕೊಂಡಿರುವ ಕೊರಳಿನಂಥ ಭಾಗವೇ ಗರ್ಭಕಂಠ. ಬಸಿರಿಲ್ಲದಾಗ ಅದರ ಉದ್ದ 3ರಿಂದ 4 ಸೆಂ.ಮೀ. ಗರ್ಭಕೋಶದ ಉಳಿದ ಭಾಗ ಬಹುಪಾಲು ಸ್ನಾಯುವಾದರೆ, ಇದು ಹೆಚ್ಚಾಗಿ ನಾರುಗಳಿಂದ ಕೂಡಿದ್ದು. ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿಕೊಂಡಿದ್ದು, ದಿನ ತುಂಬುವ ಹೊತ್ತಿಗೆ ಮೆತ್ತಗಾಗಿ, ಹೆರಿಗೆ ನೋವಿನಲ್ಲಿ ತೆಳುವಾಗುತ್ತಾ 10 ಸೆಂ.ಮೀ.ವರೆಗೆ ತೆರೆದುಕೊಳ್ಳಬೇಕು. ಇಷ್ಟು ಹಿಗ್ಗುವ ಅಂಗದ ಅಂಚಿನಲ್ಲಿ ಒಂದೆರಡು ಸಣ್ಣ ಸೀಳು ಬೀಳುವುದು ಸಹಜವೇ. 1 ಸೆಂ.ಮೀ.ಗಿಂತ ಚಿಕ್ಕದಾದ, ರಕ್ತ ಬಾರದ ಸೀಳುಗಳು ಹೆಚ್ಚಿನವರಲ್ಲಿ ಯಾರ ಗಮನಕ್ಕೂ ಬಾರದೆ ತಾವಾಗಿಯೇ ಮಾಯುತ್ತವೆ. ಹೊಲಿಗೆ ಬೇಕಾಗುವಷ್ಟು ದೊಡ್ಡ ಹರಿತ (ಹರಿದ ಗಾಯ) ಅಪರೂಪ. ಸಹಜ ಹೆರಿಗೆಗಳಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ.

ವೈದ್ಯರು ಗರ್ಭಕಂಠವನ್ನು ಗಡಿಯಾರದ ಮುಖವೆಂದು ಕಲ್ಪಿಸಿಕೊಂಡು ಜಾಗ ಗುರುತಿಸುತ್ತಾರೆ. ದೊಡ್ಡ ಸೀಳುಗಳು ಹೆಚ್ಚಾಗಿ ಬೀಳುವುದು 3 ಗಂಟೆ ಮತ್ತು 9 ಗಂಟೆಯ ಜಾಗಗಳಲ್ಲಿ, ಅಂದರೆ ಎಡಬಲ ಪಕ್ಕಗಳಲ್ಲಿ. ಗರ್ಭಕೋಶದ ಅಪಧಮನಿಯ ಕವಲುಗಳು ಕೆಳಗಿಳಿಯುವುದೂ ಅದೇ ಪಕ್ಕಗಳಲ್ಲಿ. ಎರಡು ಸೆಂ.ಮೀ. ಸೀಳಿನಿಂದಲೂ ಕೆಲವೊಮ್ಮೆ ಗಾಬರಿಯಾಗುವಷ್ಟು ರಕ್ತ ಹೋಗಲು ಇದೇ ಕಾರಣ.

ಕಾರಣಗಳಲ್ಲಿ ಮೊದಲನೆಯದು ವೇಗ. ಎರಡು ಮೂರು ಗಂಟೆಯೊಳಗೆ ಮುಗಿದುಹೋಗುವ ಹೆರಿಗೆಯಲ್ಲಿ ಕಂಠಕ್ಕೆ ನಿಧಾನವಾಗಿ ಹಿಗ್ಗಲು ಸಮಯ ಸಿಗುವುದಿಲ್ಲ. ನೋವು ಬರಿಸುವ ಔಷಧಿ ಹೆಚ್ಚಾಗಿ ನೋವುಗಳು ಒಂದರ ಮೇಲೊಂದು ಬಂದರೂ ಹೀಗೇ ಆಗುತ್ತದೆ. ಎರಡನೆಯದು, ಗರ್ಭಕಂಠದ ಬಾಯಿ ಪೂರ್ತಿ ತೆರೆಯುವ ಮೊದಲೇ ಮಗುವನ್ನು ಹೊರತೆಗೆಯುವುದು: ಫೋರ್ಸೆಪ್ಸ್ (ತಲೆ ಹಿಡಿಯುವ ಇಕ್ಕಳ) ಅಥವಾ ವ್ಯಾಕ್ಯೂಮ್ (ತಲೆಗೆ ಅಂಟಿಸಿ ಎಳೆಯುವ ಬಟ್ಟಲು) ಬಳಸಿ ಎಳೆದಾಗ ಕಂಠದ ಅಂಚು ತಲೆಗೂ ಉಪಕರಣಕ್ಕೂ ನಡುವೆ ಸಿಕ್ಕಿಕೊಳ್ಳಬಹುದು. ಮೂರನೆಯದು, ಹಿಂದಿನ ಗಾಯದ ಕಲೆ. ಕ್ಯಾನ್ಸರ್‌ಪೂರ್ವ ಬದಲಾವಣೆಗೆಂದು ಕಂಠದ ಭಾಗ ಕತ್ತರಿಸಿದ್ದರೆ ಅಥವಾ ಬಸಿರಿನಲ್ಲಿ ಕಂಠಕ್ಕೆ ಬಿಗಿಹೊಲಿಗೆ (ಬಾಯಿ ಬೇಗ ತೆರೆಯದಂತೆ ಸುತ್ತ ಕಟ್ಟುವ ದಾರ) ಹಾಕಿದ್ದರೆ ಅಲ್ಲಿನ ಅಂಗಾಂಶ ಮೊದಲಿನಂತೆ ಹಿಗ್ಗುವುದಿಲ್ಲ. ಬಿಗಿಹೊಲಿಗೆ ತೆಗೆಯುವ ಮೊದಲೇ ನೋವು ಜೋರಾಗಿಬಿಟ್ಟರೆ ಆ ದಾರವೇ ಕಂಠವನ್ನು ಸೀಳಬಹುದು. ಮಗು ಕಾಲು ಮುಂದಾಗಿ ಬಂದು ತಲೆ ಸಿಕ್ಕಿಕೊಂಡಾಗಲೂ ಅಪಾಯ ಹೆಚ್ಚು. ಸಿಸೇರಿಯನ್ ಆದವರಿಗೆ ಇದರ ಚಿಂತೆಯೇ ಇಲ್ಲ ಎನ್ನುವುದೂ ತಪ್ಪು. ಬಾಯಿ ಪೂರ್ತಿ ತೆರೆದು, ತಲೆ ಆಳಕ್ಕಿಳಿದ ಮೇಲೆ ಸಿಸೇರಿಯನ್ ಮಾಡಿದಾಗ, ಗರ್ಭಕೋಶಕ್ಕೆ ಹಾಕಿದ ಕೊಯ್ತ ಕೆಳಕ್ಕೆ ಹರಿದು ಗರ್ಭಕಂಠದವರೆಗೂ ಹೋಗಬಹುದು.

ಇಷ್ಟೆಲ್ಲ ಕಾರಣಗಳಿದ್ದರೂ, ಯಾವ ಕಾರಣವೂ ಕಾಣದೆ ಹರಿಯುವುದೂ ಉಂಟು. "ನಾನು ಸರಿಯಾಗಿ ಮುಕ್ಕಲಿಲ್ಲ, ಅದಕ್ಕೇ ಹೀಗಾಯಿತು" ಎಂದು ಕೊರಗುವ ತಾಯಂದಿರಿದ್ದಾರೆ. ಇದು ಅವರ ತಪ್ಪಲ್ಲ.

ಹಂತ 1: ಹೆರಿಗೆ ಸಮಯದಲ್ಲೇ ತಪ್ಪಿಸಲು ಮಾಡಬಹುದಾದದ್ದು

ಪೂರ್ತಿ ತಪ್ಪಿಸುವ ಉಪಾಯವಿಲ್ಲ, ಅಪಾಯ ತಗ್ಗಿಸಬಹುದು ಅಷ್ಟೆ. ಗರ್ಭಕಂಠದ ಬಾಯಿ 10 ಸೆಂ.ಮೀ. ತೆರೆದಿದೆ ಎಂದು ಪರೀಕ್ಷಿಸಿ ಹೇಳುವವರೆಗೆ ಬಲ ಹಾಕಿ ಮುಕ್ಕಬಾರದು. ಅದಕ್ಕೂ ಮೊದಲೇ ತಡೆಯಲಾರದಷ್ಟು ಒತ್ತಡ ಬಂದರೆ ಎಡಮಗ್ಗುಲಿಗೆ ಹೊರಳಿ, ಇಲ್ಲವೇ ಮಂಡಿಯೂರಿ ಎದೆಯನ್ನು ಹಾಸಿಗೆಗೆ ತಾಗಿಸಿ ಸೊಂಟ ಮೇಲೆತ್ತಿ. ತುಟಿ ತೆರೆದು ಚಿಕ್ಕ ಚಿಕ್ಕ ಉಸಿರು ಬಿಡಿ. ಕಂಠದ ಮುಂಭಾಗದ ಅಂಚು ತಲೆ ಮತ್ತು ಮುಂದಿನ ಮೂಳೆಯ ನಡುವೆ ಸಿಕ್ಕಿ ಊದಿಕೊಂಡಿದ್ದರೆ ಈ ಭಂಗಿಯಲ್ಲಿ ಅದರ ಮೇಲಿನ ಒತ್ತಡ ಇಳಿಯುತ್ತದೆ. ಕಂಠಕ್ಕೆ ಹಿಂದೆ ಯಾವುದೇ ಚಿಕಿತ್ಸೆ ಆಗಿದ್ದರೆ, ಹತ್ತು ವರ್ಷ ಹಳೆಯದಾದರೂ ಸರಿ, ದಾಖಲಾಗುವಾಗಲೇ ಹೇಳಿ.

ಹಂತ 2: ರಕ್ತಸ್ರಾವದ ಮೂಲ ಗುರುತಿಸುವುದು

ಹೆರಿಗೆಯಾದ ಮೇಲೆ ಅತಿಯಾಗಿ ರಕ್ತ ಹೋಗಲು ನಾಲ್ಕು ಮೂಲಗಳು: ಸಡಿಲವಾಗಿ ಉಳಿದ ಗರ್ಭಕೋಶ, ಹರಿತ, ಒಳಗೆ ಉಳಿದ ಮಾಸಿನ ಚೂರು, ಹೆಪ್ಪುಗಟ್ಟದ ರಕ್ತ. ಇವುಗಳಲ್ಲಿ ಸಡಿಲ ಗರ್ಭಕೋಶವೇ ಅತಿ ಸಾಮಾನ್ಯ, ಸರಿಸುಮಾರು ಹತ್ತರಲ್ಲಿ ಏಳು. ಆದ್ದರಿಂದಲೇ ಎಲ್ಲರ ಗಮನ ಮೊದಲು ಅತ್ತ ಹೋಗುತ್ತದೆ. ಅದು ಸರಿಯೂ ಹೌದು. ತೊಂದರೆಯಾಗುವುದು ಗರ್ಭಕೋಶ ಗಟ್ಟಿಯಾದ ಮೇಲೂ ಔಷಧಿಯ ಮೇಲೆ ಔಷಧಿ ಕೊಡುತ್ತಾ ಕಾಯುತ್ತಿದ್ದಾಗ. ಗಟ್ಟಿಯಾದ ಗರ್ಭಕೋಶದ ಜೊತೆ ಸಣ್ಣ ಧಾರೆಯಂತೆ ಎಡೆಬಿಡದೆ ಬರುವ ತಾಜಾ ಕೆಂಪು ರಕ್ತ ಹರಿತದ ಗುರುತು. ಎರಡೂ ಕಾರಣ ಒಟ್ಟಿಗೇ ಇರುವ ಸಾಧ್ಯತೆಯನ್ನೂ ಮರೆಯಬಾರದು.

ಕಣ್ಣಂದಾಜಿನಲ್ಲಿ ರಕ್ತದ ಪ್ರಮಾಣ ಯಾವಾಗಲೂ ಕಡಿಮೆಯೆಂದೇ ತೋರುತ್ತದೆ. ಒದ್ದೆಯಾದ ಬಟ್ಟೆ, ಪ್ಯಾಡ್‌ಗಳನ್ನು ತೂಕ ಮಾಡಿ ಒಣಗಿದಾಗಿನ ತೂಕ ಕಳೆಯಿರಿ. 1 ಗ್ರಾಂ ಹೆಚ್ಚಳ ಸುಮಾರು 1 ಮಿ.ಲೀ. ರಕ್ತಕ್ಕೆ ಸಮ. 500 ಮಿ.ಲೀ. ದಾಟಿದರೆ ಅತಿಸ್ರಾವ, 1000 ಮಿ.ಲೀ. ದಾಟಿದರೆ ತೀವ್ರ. ರಕ್ತದೊತ್ತಡ ಸರಿಯಿದೆ ಎಂದು ನೆಮ್ಮದಿಯಾಗಿ ಇರುವಂತಿಲ್ಲ. ಆರೋಗ್ಯವಂತ ಎಳೆಯ ತಾಯಿಯ ದೇಹ ಬಹಳ ಹೊತ್ತು ಒತ್ತಡವನ್ನು ಹಿಡಿದಿಟ್ಟು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಮೊದಲು ಏರುವುದು ನಾಡಿ. ನಾಡಿಯ ಸಂಖ್ಯೆಯನ್ನು ರಕ್ತದೊತ್ತಡದ ಮೇಲಿನ ಅಂಕಿಯಿಂದ ಭಾಗಿಸಿ. 0.9 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಶುರುವಾಗಿದೆ. ನಾಡಿ 110, ಒತ್ತಡ 100 ಇದ್ದರೆ ಭಾಗಲಬ್ಧ 1.1. ಒತ್ತಡವೊಂದನ್ನೇ ನೋಡಿದ್ದರೆ ಪರವಾಗಿಲ್ಲ ಅನ್ನಿಸಬಹುದಾಗಿದ್ದ ತಾಯಿ ಇವಳು.

ಮೂಲ ಹುಡುಕುತ್ತಿರುವಾಗಲೇ ಉಳಿದ ಕೆಲಸ ಸಾಗಬೇಕು: ನೆರವಿಗೆ ಕರೆಯುವುದು, ಎರಡು ಕೈಗೂ ದಪ್ಪ ಸೂಜಿಯ ಡ್ರಿಪ್, ಮೂತ್ರಕೋಶ ಖಾಲಿ ಮಾಡುವುದು, ರಕ್ತದ ಗುಂಪು ಹೊಂದಿಸಲು ಮಾದರಿ ಕಳಿಸುವುದು. ರಕ್ತಸ್ರಾವ ತಗ್ಗಿಸುವ ಔಷಧಿಯಾದ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಅನ್ನು ರಕ್ತನಾಳಕ್ಕೆ 10 ನಿಮಿಷದಲ್ಲಿ ನಿಧಾನವಾಗಿ ಕೊಡಲಾಗುತ್ತದೆ. ಹರಿತದಿಂದ ಹೋಗುವ ರಕ್ತಕ್ಕೂ ಇದು ಉಪಯುಕ್ತ, ಆದರೆ ಹೆರಿಗೆಯಾದ 3 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. 30 ನಿಮಿಷದ ನಂತರವೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ.

ಹಂತ 3: ಗರ್ಭಕಂಠವನ್ನು ಸುತ್ತಲೂ ನೋಡುವುದು

ಹೆರಿಗೆಯಾದ ಕೂಡಲೇ ಗರ್ಭಕಂಠ ಜೋತುಬಿದ್ದ ಮೆತ್ತನೆಯ ಪರದೆಯಂತಿರುತ್ತದೆ. ಬೆರಳಿನಿಂದ ತಡವಿ ಸೀಳು ಪತ್ತೆ ಮಾಡಲಾಗದು, ಕಣ್ಣಿನಿಂದಲೇ ನೋಡಬೇಕು. ಅದಕ್ಕೆ ಬೇಕಾದವು: ನೇರವಾಗಿ ಬೀಳುವ ಪ್ರಖರ ಬೆಳಕು, ಯೋನಿಯ ಗೋಡೆಗಳನ್ನು ಸರಿಸಿ ಹಿಡಿಯಲು ಅಗಲವಾದ ರಿಟ್ರಾಕ್ಟರ್‌ಗಳು, ಅವನ್ನು ಹಿಡಿಯಲು ಇನ್ನೊಬ್ಬರು, ತುದಿಯಲ್ಲಿ ಉಂಗುರವಿರುವ ಎರಡು ಸ್ಪಂಜ್ ಫೋರ್ಸೆಪ್ಸ್. ಇನ್ನೊಬ್ಬರಿಲ್ಲದೆ ಒಂಟಿಯಾಗಿ ಮಾಡಲು ಹೊರಟ ಪರೀಕ್ಷೆಗಳಲ್ಲೇ ಸೀಳು ಕಣ್ತಪ್ಪುವುದು ಹೆಚ್ಚು.

ಮೊದಲ ಫೋರ್ಸೆಪ್ಸನ್ನು 12 ಗಂಟೆಯ ಜಾಗಕ್ಕೂ ಎರಡನೆಯದನ್ನು 2 ಗಂಟೆಯ ಜಾಗಕ್ಕೂ ಹಾಕಿ, ನಡುವಿನ ಅಂಚನ್ನು ಬಿಡಿಸಿ ನೋಡುತ್ತಾರೆ. ಆಮೇಲೆ ಮೊದಲನೆಯದನ್ನು ಬಿಡಿಸಿ 4 ಗಂಟೆಗೆ, ಎರಡನೆಯದನ್ನು 6 ಗಂಟೆಗೆ. ಹೀಗೆ ಒಂದರ ಮುಂದೊಂದು ಹೆಜ್ಜೆಯಿಡುವಂತೆ ಸುತ್ತು ಪೂರೈಸಿ ಮತ್ತೆ 12ಕ್ಕೆ ಬರಬೇಕು. ಒಂದು ಸೀಳು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು, ಎದುರು ಬದಿಯಲ್ಲೂ ಇನ್ನೊಂದಿರಬಹುದು. ಯೋನಿಯ ಮೇಲ್ತುದಿಯ ಮೂಲೆಗಳನ್ನೂ ನೋಡಿದ ಮೇಲಷ್ಟೇ ಪರೀಕ್ಷೆ ಪೂರ್ತಿ.

ಇದು ತಾಯಿಗೆ ಕಷ್ಟದ ಹೊತ್ತು. ಗರ್ಭಕಂಠದಲ್ಲಿ ಸೂಜಿ ಚುಚ್ಚಿದ ನೋವು ಅಷ್ಟಾಗಿ ತಿಳಿಯುವುದಿಲ್ಲ, ಅಲ್ಲಿನ ನರಗಳು ಹಿಗ್ಗುವಿಕೆ ಮತ್ತು ಎಳೆತಕ್ಕೆ ಹೆಚ್ಚು ಸ್ಪಂದಿಸುತ್ತವೆ. ಆದರೆ ಆಗಷ್ಟೇ ಹೆತ್ತ ಯೋನಿಯೊಳಗೆ ರಿಟ್ರಾಕ್ಟರ್ ಇಟ್ಟಾಗ ಆಗುವ ನೋವು ಸಣ್ಣದಲ್ಲ. ಬೆನ್ನಿಗೆ ಕೊಟ್ಟ ಅರಿವಳಿಕೆ ಇದ್ದರೆ ಅದನ್ನೇ ಮುಂದುವರಿಸಬಹುದು, ಇಲ್ಲದಿದ್ದರೆ ಬೇರೆ ಅರಿವಳಿಕೆ ಕೊಡಬೇಕು. "ಸ್ವಲ್ಪ ತಡೆದುಕೋ" ಎನ್ನುವುದು ನೋವುಶಮನವಲ್ಲ. ತಾಯಿ ನೋವಿನಿಂದ ಹೊರಳಾಡುತ್ತಿದ್ದರೆ ಮೇಲಿನ ತುದಿ ಕಾಣುವುದೂ ಇಲ್ಲ.

ಹಂತ 4: ಹೊಲಿಗೆ

1ರಿಂದ 2 ಸೆಂ.ಮೀ.ವರೆಗಿನ, ರಕ್ತ ಬಾರದ ಸೀಳನ್ನು ಹಾಗೆಯೇ ಬಿಡುವುದುಂಟು. ರಕ್ತ ಬರುತ್ತಿದ್ದರೆ ಅಥವಾ ಅದಕ್ಕಿಂತ ಉದ್ದವಿದ್ದರೆ ಹೊಲಿಯಲಾಗುತ್ತದೆ. ಸೀಳಿನ ಎರಡೂ ಬದಿಗೆ ಸ್ಪಂಜ್ ಫೋರ್ಸೆಪ್ಸ್ ಹಾಕಿ ಮೆಲ್ಲಗೆ ಕೆಳಕ್ಕೆ ಎಳೆದರೆ ಮೇಲಿನ ತುದಿ ಕಾಣುತ್ತದೆ. ಮೊದಲ ಹೊಲಿಗೆ ಬೀಳಬೇಕಾದದ್ದು ಆ ತುದಿಗಿಂತಲೂ ಸುಮಾರು 1 ಸೆಂ.ಮೀ. ಮೇಲೆ. ತುಂಡಾದ ರಕ್ತನಾಳ ಮೇಲಕ್ಕೆ ಸರಿದು ಅಡಗಿಕೊಂಡಿರುತ್ತದೆ. ತುದಿಯಿಂದಲೇ ಹೊಲಿಗೆ ಶುರು ಮಾಡಿದರೆ ಹೊರಗೆ ರಕ್ತ ನಿಂತಂತೆ ಕಂಡರೂ ಒಳಗೆ ಸೋರುತ್ತಲೇ ಇರುತ್ತದೆ. ಈ ಒಂದು ಸೆಂಟಿಮೀಟರ್ ತಪ್ಪಿದ್ದರಿಂದಲೇ ಮತ್ತೆ ಶಸ್ತ್ರಕ್ರಿಯೆ ಕೋಣೆಗೆ ಹೋಗಬೇಕಾಗಿ ಬರಬಹುದು.

ದಾರ ಸಾಮಾನ್ಯವಾಗಿ ಕರಗುವಂಥದ್ದು, 0 ಅಥವಾ 2-0 ದಪ್ಪದ್ದು. ಕೆಳಮುಖವಾಗಿ ಸಾಲುಹೊಲಿಗೆ ಅಥವಾ ಬಿಡಿಹೊಲಿಗೆ ಹಾಕುತ್ತಾ ಅಂಚಿನವರೆಗೆ ಬರುತ್ತಾರೆ. ಅಂಗಾಂಶ ಬಿಳಚಿಕೊಳ್ಳುವಷ್ಟು ಬಿಗಿಯಬಾರದು, ರಕ್ತ ಸಂಚಾರ ನಿಂತರೆ ಅಂಚು ಕೊಳೆತು ಹೊಲಿಗೆ ಬಿಟ್ಟುಕೊಳ್ಳುತ್ತದೆ. ತುದಿ ಕೈಗೆ ಸಿಗದಿದ್ದರೆ ಕಾಣುವಷ್ಟರಲ್ಲೇ ಮೇಲಿನ ಜಾಗಕ್ಕೆ ಒಂದು ಹೊಲಿಗೆ ಹಾಕಿ, ಅದರ ದಾರ ಎಳೆದು, ಇನ್ನೂ ಮೇಲಿನದನ್ನು ಕೆಳಗೆ ತಂದು ಹೊಲಿಯುವ ಉಪಾಯವಿದೆ. ಅದೂ ಆಗದಿದ್ದಾಗ ರಕ್ತ ಬರುವ ಜಾಗವನ್ನು ಫೋರ್ಸೆಪ್ಸಿನಿಂದ ಕಚ್ಚಿ ಹಿಡಿಸಿ 4 ಗಂಟೆ ಹಾಗೆಯೇ ಬಿಟ್ಟು, ಆಮೇಲೆ ಅರೆ ಸಡಿಲಿಸಿ, ಮತ್ತೆ 4 ಗಂಟೆ ಕಳೆದು ಪೂರ್ತಿ ತೆಗೆಯುತ್ತಾರೆ.

ತುದಿ ಯೋನಿಯ ಮೇಲ್ಮೂಲೆಯನ್ನೂ ದಾಟಿ ಗರ್ಭಕೋಶದತ್ತ ಹೋಗಿದ್ದರೆ ಕೆಳಗಿನಿಂದ ಹೊಲಿಯುವ ಸಾಹಸ ಬೇಡ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಗರ್ಭಕಂಠದ ಪಕ್ಕದಲ್ಲಿ ಸುಮಾರು ಎರಡು ಸೆಂಟಿಮೀಟರ್ ದೂರದಲ್ಲೇ ಇರುತ್ತದೆ. ಕಾಣದೆ ಆಳಕ್ಕೆ ಹಾಕಿದ ಹೊಲಿಗೆಗೆ ಅದೂ ಸಿಕ್ಕಿಬೀಳಬಹುದು. ಅಂಥ ಹರಿತಕ್ಕೆ ಹೊಟ್ಟೆ ತೆರೆದೇ ದುರಸ್ತಿ ಮಾಡಬೇಕು.

ಹಂತ 5: ಮೊದಲ 24 ಗಂಟೆ

ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಪ್ಯಾಡ್, ಗರ್ಭಕೋಶದ ಗಟ್ಟಿತನ ನೋಡುತ್ತಿರಬೇಕು. ಹೊರಗೆ ಕಾಣುವ ರಕ್ತ ಕಡಿಮೆಯಿದ್ದೂ ತಾಯಿ ಬಿಳಿಚಿಕೊಳ್ಳುತ್ತಿದ್ದರೆ, ನಾಡಿ ಏರುತ್ತಿದ್ದರೆ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲೋ ಗುದದ್ವಾರದತ್ತಲೋ ಒತ್ತುವಂಥ ನೋವು ಹೆಚ್ಚುತ್ತಿದ್ದರೆ, ಗರ್ಭಕೋಶ ಒಂದು ಬದಿಗೆ ಸರಿದಂತೆ ಕಂಡರೆ, ಒಳಗೆ ಪದರಗಳ ನಡುವೆ ರಕ್ತ ಶೇಖರವಾಗುತ್ತಿದೆ ಎಂದು ಶಂಕಿಸಬೇಕು. ಲೀಟರುಗಟ್ಟಲೆ ರಕ್ತ ಹೊರಗೆ ಹನಿಯಾಗಿಯೂ ಕಾಣದೆ ಅಲ್ಲಿ ಸೇರಿಕೊಳ್ಳಬಲ್ಲದು. ತಾಯಿ "ತಡೆಯಲಾಗದ ಒತ್ತಡ" ಎಂದು ಹೇಳಿದರೆ ಅದನ್ನು ಹೆರಿಗೆಯ ಸುಸ್ತು ಎಂದು ತಳ್ಳಿಹಾಕಬೇಡಿ.

ಯೋನಿಯೊಳಗೆ ಬಟ್ಟೆಯ ಪ್ಯಾಕ್ ತುಂಬಿದ್ದರೆ ಅದು ಒಳಗಿರುವವರೆಗೂ ಮೂತ್ರಕ್ಕೆ ಕ್ಯಾತಿಟರ್ (ಕೊಳವೆ) ಬೇಕು, 24 ಗಂಟೆಯೊಳಗೆ ಪ್ಯಾಕ್ ತೆಗೆಯಬೇಕು. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂಬ ಲೆಕ್ಕ ಕಾಗದದಲ್ಲಿರಬೇಕು. ಮರೆತುಹೋದ ಒಂದು ಬಟ್ಟೆ ಎರಡು ವಾರದ ನಂತರ ಕೊಳೆತ ವಾಸನೆ, ಜ್ವರವಾಗಿ ಹೊರಬೀಳುತ್ತದೆ.

ಬಹಳ ರಕ್ತ ಹೋದವರಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಆದ್ದರಿಂದ ತಲೆಸುತ್ತು ಇಳಿದ ಕೂಡಲೇ, ಯಾರಾದರೂ ಜೊತೆಗಿದ್ದು, ಎದ್ದು ನಡೆದಾಡಿ. ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಕೆಲವರಿಗೆ ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಬೇಕಾಗುತ್ತದೆ.

ಹಂತ 6: ಬಿಡುಗಡೆಗೆ ಮೊದಲು ಬರೆಸಿಕೊಳ್ಳಬೇಕಾದದ್ದು

ಮನೆಗೆ ಹೋಗುವ ಗಡಿಬಿಡಿಯಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನಾಲ್ಕು ವರ್ಷದ ನಂತರ ಇನ್ನೊಂದು ಬಸಿರಿನಲ್ಲಿ ವೈದ್ಯರು ಕೇಳಿದಾಗ "ಒಳಗೆ ಏನೋ ಹೊಲಿಗೆ ಹಾಕಿದ್ದರು" ಎಂದಷ್ಟೇ ಹೇಳುವಂತಾಗಬಾರದು. ಬಿಡುಗಡೆ ಪತ್ರದಲ್ಲಿ ಇವು ಇವೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ:

- ಸೀಳು ಗಡಿಯಾರದ ಯಾವ ಜಾಗದಲ್ಲಿ, ಎಷ್ಟು ಸೆಂ.ಮೀ. ಉದ್ದ, ಯೋನಿಗೆ ಅಥವಾ ಗರ್ಭಕೋಶಕ್ಕೆ ಹಬ್ಬಿತ್ತೇ
- ಯಾವ ದಾರ, ಯಾವ ಬಗೆಯ ಹೊಲಿಗೆ
- ಹೆರಿಗೆ ಹೇಗಾಯಿತು: ಉಪಕರಣ ಬಳಸಿದ್ದರೇ, ಬಾಯಿ ಪೂರ್ತಿ ತೆರೆದಿತ್ತೇ
- ಹೋದ ರಕ್ತ ಎಷ್ಟು, ಹಾಕಿದ ರಕ್ತ ಎಷ್ಟು ಯೂನಿಟ್, ಬಿಡುಗಡೆಯ ದಿನದ ಹಿಮೋಗ್ಲೋಬಿನ್
- ಯೋನಿದ್ವಾರದ ಬಳಿ ಬೇರೆ ಹೊಲಿಗೆಯೂ ಇದೆಯೇ
- ಮರು ತಪಾಸಣೆಯ ದಿನಾಂಕ

ಹಂತ 7: ಮನೆಯಲ್ಲಿ ಮೊದಲ ಆರು ವಾರ

ಹೊಲಿಗೆ ತೆಗೆಸಲು ಹೋಗಬೇಕಿಲ್ಲ. ಸಾಮಾನ್ಯವಾಗಿ ಬಳಸುವ ಪಾಲಿಗ್ಲಾಕ್ಟಿನ್ ದಾರ 56ರಿಂದ 70 ದಿನಗಳಲ್ಲಿ ಪೂರ್ತಿ ಕರಗುತ್ತದೆ. ನಡುವೆ ದಾರದ ಚೂರು ಪ್ಯಾಡಿನಲ್ಲಿ ಕಂಡರೆ ಹೆದರಬೇಡಿ. ರಕ್ತ ಸಂಚಾರ ಹೇರಳವಾಗಿರುವ ಕಾರಣ ಗರ್ಭಕಂಠದ ಗಾಯ ಬೇಗ ಮಾಯುತ್ತದೆ. ಹೆಚ್ಚಿನವರಿಗೆ ಗಾಯದಲ್ಲಿ ನೋವೇ ಇರುವುದಿಲ್ಲ. ಇದ್ದರೆ ಕಿಬ್ಬೊಟ್ಟೆಯಲ್ಲಿ ಜಗ್ಗಿದಂಥ ಮಂದ ನೋವು, ಅದೂ ಹಾಲೂಡಿಸುವಾಗ ಗರ್ಭಕೋಶ ಹಿಂಡಿಕೊಳ್ಳುವುದರಿಂದ ಬರುವಂಥದ್ದು. ಕುಳಿತರೆ ಉರಿಯುವುದು, ಚುಚ್ಚುವುದು ಇದ್ದರೆ ಅದು ಹೆಚ್ಚಾಗಿ ಯೋನಿದ್ವಾರದ ಹೊಲಿಗೆಯದ್ದು.

ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ.ನಿಂದ 1 ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ. ತೂಕ 50 ಕೆ.ಜಿ.ಗಿಂತ ಕಡಿಮೆಯಿದ್ದರೆ ಪ್ರಮಾಣವೂ ಕಡಿಮೆಯಾಗಬೇಕು. ಸಾಲದಿದ್ದರೆ ಐಬುಪ್ರೊಫೇನ್ 400 ಮಿ.ಗ್ರಾಂ. ಊಟದ ನಂತರ, ಎಂಟು ಗಂಟೆಗೊಮ್ಮೆ. ಎರಡನ್ನೂ ಹಾಲೂಡಿಸುವ ತಾಯಿ ತೆಗೆದುಕೊಳ್ಳಬಹುದು. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇದ್ದವರು ಅಥವಾ ಭಾರೀ ರಕ್ತಸ್ರಾವವಾಗಿ ಮೂತ್ರ ಕಡಿಮೆಯಾಗಿದ್ದವರು ವೈದ್ಯರನ್ನು ಕೇಳದೆ ಐಬುಪ್ರೊಫೇನ್ ಮುಟ್ಟಬಾರದು.

ಆರು ವಾರ ಯೋನಿಯೊಳಗೆ ಏನನ್ನೂ ಹಾಕಬೇಡಿ: ಟ್ಯಾಂಪನ್, ಮುಟ್ಟಿನ ಕಪ್, ಒಳಗೆ ನೀರು ಹಾಯಿಸಿ ತೊಳೆಯುವುದು, ಸಂಭೋಗ ಯಾವುದೂ ಬೇಡ. ಗರ್ಭಕಂಠ ಇನ್ನೂ ಸ್ವಲ್ಪ ತೆರೆದಿರುವುದರಿಂದ ಸೋಂಕು ನೇರವಾಗಿ ಮೇಲೇರಬಲ್ಲದು. ಹೊರಗಿನಿಂದ ಬೆಚ್ಚಗಿನ ನೀರಿನಲ್ಲಿ ತೊಳೆದು, ಮುಂದಿನಿಂದ ಹಿಂದಕ್ಕೆ ಒರೆಸಿ. ಪ್ಯಾಡನ್ನು ನಾಲ್ಕು ಗಂಟೆಗೊಮ್ಮೆಯಾದರೂ ಬದಲಿಸಿ. ಸ್ನಾನಕ್ಕೆ ಅಡ್ಡಿಯಿಲ್ಲ.

ಸ್ರಾವ ಮೊದಲ ಮೂರು ನಾಲ್ಕು ದಿನ ಕೆಂಪಾಗಿ, ಸುಮಾರು ಹತ್ತನೇ ದಿನದವರೆಗೆ ಕಂದುಮಿಶ್ರಿತ ಗುಲಾಬಿಯಾಗಿ, ಆಮೇಲೆ ಹಳದಿ ಬಿಳುಪಾಗಿ ನಾಲ್ಕರಿಂದ ಆರು ವಾರ ಇರುತ್ತದೆ. ತಿಳಿಯಾದ ಸ್ರಾವ ಮತ್ತೆ ಕೆಂಪಾದರೆ ಹೆಚ್ಚು ಓಡಾಡಿದ್ದೀರಿ ಎಂದಿರಬಹುದು. ಒಂದು ದಿನ ಪೂರ್ತಿ ವಿಶ್ರಾಂತಿ ಪಡೆದು ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.

ಮಗುವಿಗಿಂತ ಭಾರವಾದುದನ್ನು ಎತ್ತಬೇಡಿ. ಮಲಬದ್ಧತೆ ಬರಗೊಡಬೇಡಿ, ಮುಕ್ಕಿದರೆ ಕೆಳಭಾಗದ ಎಲ್ಲ ಹೊಲಿಗೆಗಳ ಮೇಲೂ ಒತ್ತಡ ಬೀಳುತ್ತದೆ. ಕಬ್ಬಿಣದ ಮಾತ್ರೆ ಮಲಬದ್ಧತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು, ನಾರಿರುವ ಆಹಾರ, ಕುಳಿತಾಗ ಪಾದದ ಕೆಳಗೆ ಚಿಕ್ಕ ಮಣೆ, ಇವುಗಳಿಂದಲೂ ಆಗದಿದ್ದರೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ದ್ರಾವಣ 15 ಮಿ.ಲೀ. ದಿನಕ್ಕೆರಡು ಬಾರಿ.

ಕ್ಯಾತಿಟರ್ ತೆಗೆದು ಮೂತ್ರ ಸರಾಗವಾದ ಮೇಲೆ ಶ್ರೋಣಿತಳದ ವ್ಯಾಯಾಮ ಶುರು ಮಾಡಬಹುದು. ಗಾಳಿ ಹೋಗದಂತೆ ತಡೆಯುವ ಹಾಗೆ ಗುದದ್ವಾರದಿಂದ ಮುಂದಕ್ಕೆ ಸ್ನಾಯುಗಳನ್ನು ಮೇಲಕ್ಕೆ ಸೆಳೆದು, ಉಸಿರು ಕಟ್ಟದೆ 3 ಸೆಕೆಂಡ್ ಹಿಡಿದು ಬಿಡಿ. ವಾರಗಳು ಕಳೆದಂತೆ 10 ಸೆಕೆಂಡಿಗೆ ಏರಿಸಿ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಇದು ಗರ್ಭಕಂಠವನ್ನು ಗಟ್ಟಿ ಮಾಡುವುದಿಲ್ಲ, ಮೂತ್ರ ಹಿಡಿಯುವ ಶಕ್ತಿಯನ್ನು ಮರಳಿಸುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಗಂಟೆಗೊಂದು ದೊಡ್ಡ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಕೋಳಿಮೊಟ್ಟೆ ಗಾತ್ರದ ಹೆಪ್ಪು ಬಿದ್ದರೆ, ನಿಂತಾಗ ಕಣ್ಣು ಕತ್ತಲಿಟ್ಟರೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ನಡುಕ ಬಂದರೆ, ಸ್ರಾವ ಕೊಳೆತ ವಾಸನೆ ಹೊಡೆದರೆ. ಪಕ್ಕೆಯಲ್ಲಿ ನೋವು, ಜೊತೆಗೆ ಜ್ವರ, ಅಥವಾ ತಡೆಯಿಲ್ಲದೆ ಯೋನಿಯಿಂದ ಮೂತ್ರ ಸೋರುತ್ತಿದ್ದರೆ ಮೂತ್ರನಾಳಕ್ಕೋ ಮೂತ್ರಕೋಶಕ್ಕೋ ಪೆಟ್ಟಾಗಿರಬಹುದು. ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರು ಸಿಕ್ಕಿಕೊಳ್ಳುವುದು ಹೆಪ್ಪುಗಟ್ಟಿದ ರಕ್ತದ ಸೂಚನೆ. ಹೆರಿಗೆಯಾಗಿ ಹತ್ತು ಹನ್ನೆರಡು ದಿನ ಕಳೆದ ಮೇಲೂ ಭಾರೀ ರಕ್ತಸ್ರಾವ ಶುರುವಾಗಬಹುದು, ಅದನ್ನು ಮುಟ್ಟು ಎಂದುಕೊಂಡು ಕಾಯಬೇಡಿ.

ಹಂತ 8: ಕಳೆದುಹೋದ ರಕ್ತವನ್ನು ಮರಳಿ ಕಟ್ಟುವುದು

ಬಹಳಷ್ಟು ತಾಯಂದಿರಿಗೆ ನಿಜವಾದ ಚೇತರಿಕೆ ಇದೇ. ಹೊಲಿಗೆ ಮೂರು ವಾರದಲ್ಲಿ ಕೂಡಿಕೊಂಡಿರುತ್ತದೆ, ದೇಹದ ಕಬ್ಬಿಣದ ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ಹೆರಿಗೆಯಾದ ಒಂದೆರಡು ದಿನದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಅದು 10ಕ್ಕಿಂತ ಕಡಿಮೆಯಿದ್ದರೆ ದಿನಕ್ಕೆ 60 ಮಿ.ಗ್ರಾಂ. ಶುದ್ಧ ಕಬ್ಬಿಣ ಸಿಗುವ ಮಾತ್ರೆ ಸಾಮಾನ್ಯ. ಮಾತ್ರೆಯ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ, ಲವಣದ ತೂಕ ಮತ್ತು ಕಬ್ಬಿಣದ ತೂಕ. ಲೆಕ್ಕಕ್ಕೆ ಬರುವುದು ಎರಡನೆಯದು: ಫೆರಸ್ ಸಲ್ಫೇಟ್ 200 ಮಿ.ಗ್ರಾಂ. ಎಂದಿದ್ದರೆ ಅದರಲ್ಲಿ ಕಬ್ಬಿಣ ಸುಮಾರು 65 ಮಿ.ಗ್ರಾಂ. ಮಾತ್ರ.

ಖಾಲಿ ಹೊಟ್ಟೆಯಲ್ಲಿ, ಹುಳಿಹಣ್ಣಿನ ರಸದೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಗೂ ಕಬ್ಬಿಣಕ್ಕೂ ನಡುವೆ ಎರಡು ಗಂಟೆ ಅಂತರವಿರಲಿ. ಹೊಟ್ಟೆ ತೊಳಸಿದರೆ ನಿಲ್ಲಿಸುವ ಬದಲು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ ಸರಿಯಾದ ಕೂಡಲೇ ಮಾತ್ರೆ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ದಾಸ್ತಾನು ತುಂಬಲು ಒಟ್ಟು ಮೂರು ತಿಂಗಳಾದರೂ ಮುಂದುವರಿಸಬೇಕು. ಮಾತ್ರೆ ಒಗ್ಗದವರಿಗೆ, ರಕ್ತ ತೀರಾ ಕಡಿಮೆಯಿರುವವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯಿದೆ.

ಹೆಚ್ಚು ರಕ್ತ ಹೋದವರಲ್ಲಿ ಎದೆಹಾಲು ಒಂದೆರಡು ದಿನ ತಡವಾಗಿ ಇಳಿಯಬಹುದು. ಮಗುವನ್ನು ಆಗಾಗ ಎದೆಗೆ ಹಿಡಿಯುತ್ತಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಲು ಬರಲೇ ಇಲ್ಲ, ತಿಂಗಳುಗಳಾದರೂ ಮುಟ್ಟಿಲ್ಲ, ವಿಪರೀತ ಸುಸ್ತು, ಚಳಿ ತಡೆಯಲಾಗುತ್ತಿಲ್ಲ ಎಂದಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಹಾನಿಯಾಗಿರಬಹುದು. ಶೀಹನ್ ಸಿಂಡ್ರೋಮ್ ಎಂಬ ಈ ತೊಂದರೆ ಅಪರೂಪ, ಆದರೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವಂಥದ್ದು. ಹೆರಿಗೆಯಲ್ಲಿ ರಕ್ತ ಹೋದ ಸಂಗತಿಯನ್ನು ವೈದ್ಯರಿಗೆ ನೀವೇ ನೆನಪಿಸಿ.

ಮನಸ್ಸಿನ ಗಾಯದ ಬಗ್ಗೆ

ಕೋಣೆ ತುಂಬ ಜನ ಓಡಿ ಬಂದದ್ದು, ಮಗುವನ್ನು ಕೈಯಿಂದ ತೆಗೆದುಕೊಂಡು ಹೋದದ್ದು, ಏನಾಗುತ್ತಿದೆ ಎಂದು ಯಾರೂ ಹೇಳದೆ ಇದ್ದದ್ದು, ಇವು ಕಣ್ಣ ಮುಂದೆ ಮತ್ತೆ ಮತ್ತೆ ಬರಬಹುದು. ಒಂದು ತಿಂಗಳು ದಾಟಿದರೂ ಬೆಚ್ಚಿ ಏಳುವುದು, ಆಸ್ಪತ್ರೆಯ ಹೆಸರೆತ್ತಿದರೆ ಎದೆ ಹೊಡೆದುಕೊಳ್ಳುವುದು, ಮಗುವಿನತ್ತ ಮನಸ್ಸೇ ಹೋಗದಿರುವುದು ಇದ್ದರೆ ಅದಕ್ಕೆ ಚಿಕಿತ್ಸೆಯಿದೆ, ಫಲವೂ ಕೊಡುತ್ತದೆ. ಹೆರಿಗೆ ಮಾಡಿಸಿದವರೊಂದಿಗೆ ಕುಳಿತು, ಯಾವ ಹೊತ್ತಿಗೆ ಏನಾಯಿತು ಎಂದು ದಾಖಲೆ ನೋಡುತ್ತಾ ಕೇಳಿ ತಿಳಿದುಕೊಂಡರೆ ಹಲವರಿಗೆ ಭಾರ ಇಳಿಯುತ್ತದೆ. ಮನೆಯವರು "ಮಗು ಚೆನ್ನಾಗಿದೆಯಲ್ಲ, ಇನ್ನೇನು" ಎಂದು ಬಾಯಿ ಮುಚ್ಚಿಸದಿದ್ದರೆ ಅರ್ಧ ಕೆಲಸ ಆದಂತೆ.

ಹಂತ 9: ಆರನೇ ವಾರದ ತಪಾಸಣೆ

ಹೊಟ್ಟೆ ಮುಟ್ಟಿ ನೋಡಿ ಕಳಿಸಿದರೆ ಸಾಲದು. ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಹಿಡಿಯುವ ಉಪಕರಣ) ಹಾಕಿ ಗರ್ಭಕಂಠವನ್ನು ಕಣ್ಣಾರೆ ನೋಡಲು ಹೇಳಿ. ಹೆರದವರಲ್ಲಿ ಚುಕ್ಕೆಯಂತಿರುವ ಬಾಯಿ, ಹೆತ್ತ ಮೇಲೆ ಅಡ್ಡಗೀರಾಗುತ್ತದೆ. ಹರಿದು ಮಾದಲ್ಲಿ ಕಚ್ಚು ಬಿದ್ದಂತೆ ಅಥವಾ ನಕ್ಷತ್ರದಂತೆ ಕಾಣಬಹುದು. ಈ ಆಕಾರ ಬದಲಾವಣೆಯೊಂದೇ ತೊಂದರೆಯಲ್ಲ. ಒಳಪದರ ಹೊರಮಗುಚಿಕೊಂಡು ಕೆಂಪಾಗಿ ಕಂಡರೂ, ಲಕ್ಷಣಗಳಿಲ್ಲದಿದ್ದರೆ ಚಿಕಿತ್ಸೆ ಬೇಡ. ಬಿಳಿಸ್ರಾವ ಹೆಚ್ಚಿದ್ದರೆ, ಸಂಭೋಗದ ನಂತರ ರಕ್ತ ಕಂಡರೆ ತೋರಿಸಬೇಕು.

ಕ್ಯಾನ್ಸರ್ ತಪಾಸಣೆಯ ಸ್ಮಿಯರ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ಬಾಕಿಯಿದ್ದರೆ ಹೆರಿಗೆಯಾದ 12 ವಾರಗಳ ನಂತರ ಮಾಡಿಸಿ. ಮೊದಲೇ ಮಾಡಿದರೆ ಮಾಯುತ್ತಿರುವ ಅಂಗಾಂಶ ಗೊಂದಲದ ಫಲಿತಾಂಶ ಕೊಡುತ್ತದೆ. ಸಂಭೋಗ ಮತ್ತೆ ಶುರು ಮಾಡುವುದು ಗಾಯ ಮಾದದ್ದು ಖಚಿತವಾದ ಮೇಲೆ, ಅದೂ ನಿಮ್ಮ ಮನಸ್ಸು ಒಪ್ಪಿದಾಗ. ಹಾಲೂಡಿಸುವಾಗ ಯೋನಿ ಒಣಗಿರುವುದರಿಂದ ನೀರಿನಾಧಾರದ ಜೆಲ್ ಬೇಕಾಗಬಹುದು. ಹೆರಿಗೆಯಾದ 21 ದಿನದ ನಂತರ ಮತ್ತೆ ಬಸಿರಾಗುವ ಸಾಧ್ಯತೆಯಿದೆ, ಆದ್ದರಿಂದ ಗರ್ಭನಿರೋಧಕದ ಮಾತು ಇದೇ ಭೇಟಿಯಲ್ಲಿ ಆಗಲಿ.

ಹಂತ 10: ಮುಂದಿನ ಬಸಿರು

ಸಣ್ಣ, ಚೆನ್ನಾಗಿ ಕೂಡಿಕೊಂಡ ಹರಿತವಾಗಿದ್ದರೆ ಮುಂದಿನ ಬಸಿರು ಬಹುತೇಕ ಎಂದಿನಂತೆಯೇ ನಡೆಯುತ್ತದೆ. ಆಳವಾದ, ಗರ್ಭಕೋಶದ ಹತ್ತಿರದವರೆಗೆ ಹೋದ, ಅಥವಾ ಹೊಲಿಗೆಯಿಲ್ಲದೆ ಬಿಟ್ಟುಹೋದ ಸೀಳಿನ ಕತೆ ಬೇರೆ. ಕಂಠದ ಬಿಗಿ ಕಡಿಮೆಯಾಗಿ, ಐದಾರನೇ ತಿಂಗಳಲ್ಲಿ ನೋವಿಲ್ಲದೆಯೇ ಬಾಯಿ ತೆರೆದುಕೊಳ್ಳುವ ಸಾಧ್ಯತೆ ಇರುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಹಳೆಯ ಬಿಡುಗಡೆ ಪತ್ರ ತೋರಿಸಿ, 16ರಿಂದ 24 ವಾರಗಳ ನಡುವೆ ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ಕಂಠದ ಉದ್ದ ಅಳೆಯಬೇಕೇ ಎಂದು ಕೇಳಿ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಇದಕ್ಕೆ ನಂಬಲರ್ಹವಲ್ಲ. ಮೂತ್ರಕೋಶ ತುಂಬಿದ್ದರೆ ಕಂಠ ಒತ್ತಿಕೊಂಡು ಇದ್ದದ್ದಕ್ಕಿಂತ ಉದ್ದವಾಗಿ ತೋರುತ್ತದೆ.

25 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಂಠ ಗಿಡ್ಡ ಎಂದು ಲೆಕ್ಕ. ಆಗಿನ ಎರಡು ದಾರಿಗಳು: ರಾತ್ರಿ ಯೋನಿಯೊಳಗೆ ಇಡುವ 200 ಮಿ.ಗ್ರಾಂ. ಪ್ರೊಜೆಸ್ಟರಾನ್, ಇಲ್ಲವೇ ಕಂಠದ ಸುತ್ತ ಬಿಗಿಹೊಲಿಗೆ. ಹಿಂದೆ ಹೀಗೇ ನೋವಿಲ್ಲದೆ ಬಸಿರು ಕಳೆದುಕೊಂಡವರಿಗೆ ಉದ್ದ ಕಡಿಮೆಯಾಗುವವರೆಗೆ ಕಾಯದೆ 12ರಿಂದ 14ನೇ ವಾರದಲ್ಲೇ ಬಿಗಿಹೊಲಿಗೆ ಹಾಕುವುದುಂಟು. ಅದನ್ನು 36 ಅಥವಾ 37ನೇ ವಾರದಲ್ಲಿ ತೆಗೆಯುತ್ತಾರೆ. ಅದಕ್ಕೂ ಮೊದಲೇ ನೋವು ಬಂದರೆ, ನೀರು ಒಡೆದರೆ, ಕೂಡಲೇ ಆಸ್ಪತ್ರೆ ಸೇರಿ. ದಾರ ಒಳಗಿದ್ದು ನೋವು ಜೋರಾದರೆ ಏನಾಗುತ್ತದೆ ಎಂಬುದನ್ನು ಆಗಲೇ ಹೇಳಿದ್ದೇವೆ. ಪೂರ್ತಿ ಹಾಸಿಗೆ ಹಿಡಿದು ಮಲಗುವುದರಿಂದ ಅವಧಿಪೂರ್ವ ಹೆರಿಗೆ ತಪ್ಪುವುದಿಲ್ಲ, ಕಾಲಿನಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರ ಏರುತ್ತದೆ.

ಒಮ್ಮೆ ಹರಿಯಿತೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ. ಹೆಚ್ಚಿನವರಿಗೆ ಸಹಜ ಹೆರಿಗೆ ಸಾಧ್ಯ. ಹಿಂದಿನ ಹರಿತ ಗರ್ಭಕೋಶಕ್ಕೆ ಹಬ್ಬಿ ಹೊಟ್ಟೆ ತೆರೆದು ಹೊಲಿದಿದ್ದರೆ ಮಾತ್ರ ತೀರ್ಮಾನವನ್ನು ಅನುಭವಿ ವೈದ್ಯರೊಂದಿಗೆ ಮೊದಲೇ ಮಾಡಿಕೊಳ್ಳಬೇಕು. ಸಹಜ ಹೆರಿಗೆಗೆ ಹೊರಟವರು ರಕ್ತದ ವ್ಯವಸ್ಥೆಯಿರುವ ಆಸ್ಪತ್ರೆ ಆರಿಸಿಕೊಂಡು, ಹಿಮೋಗ್ಲೋಬಿನ್ 11ಕ್ಕಿಂತ ಮೇಲಿಟ್ಟುಕೊಂಡು, ಹೆರಿಗೆ ಕಾಗದದ ಮೊದಲ ಪುಟದಲ್ಲೇ ಹೀಗೆ ಬರೆಸಿಕೊಳ್ಳಿ: "ಹಿಂದಿನ ಹೆರಿಗೆಯಲ್ಲಿ ಗರ್ಭಕಂಠ ಹರಿದಿತ್ತು. ಬಾಯಿ ಪೂರ್ತಿ ತೆರೆಯುವವರೆಗೆ ಮುಕ್ಕಿಸಬೇಡಿ. ಮಾಸು ಬಿದ್ದ ಮೇಲೆ ರಕ್ತ ಕಡಿಮೆಯಿದ್ದರೂ ಬೆಳಕು ಹಾಕಿ ಗರ್ಭಕಂಠವನ್ನು ಸುತ್ತಲೂ ನೋಡಿ."